ತಿರುಗುವ ಕುರ್ಚಿಗೆ ಒಬ್ಬ ಡಾಕ್ಟರರನ್ನು ಕೊಡಿ

ಮಾನ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಕಿವಿ, ಮೂಗು, ಗಂಟಲಿನ ಕೋಣೆಯಲ್ಲಿ ಚಂದದ ಒಂದು ಕುರ್ಚಿ ಇದೆ, ಡಾಕ್ಟರರಿಲ್ಲ. ಇದೇ ನನ್ನ ದೂರು. ತಮ್ಮ ದೂರು ಬೇರೆ. ಆ ಕುರ್ಚಿಯನ್ನು ನಮ್ಮ ಮನೆಯವರು ಹೇಳದೆ ಕೇಳದೆ ಮುಟ್ಟಿದರೆಂದು ತಾವು ಸಿಟ್ಟಾಗಿ, ಬಂದರಿನಲ್ಲಿರುವ ನನ್ನ ಹಗ್ಗದ ಅಂಗಡಿಗೆ ಜನ ಕಳುಹಿಸಿ ವಿವರಣೆ ಕೇಳಿದ್ದೀರಿ. ಕೊಡುತ್ತೇನೆ. ಊರಿನವರೂ ಓದಲಿ ಎಂದು ಪತ್ರಿಕೆಯಲ್ಲೇ ಕೊಡುತ್ತೇನೆ. ಬರೆಯುವಾಗ ನಗು ತಡೆಯಲಾಗದೆ ಅಕ್ಷರಗಳು ಸೊಟ್ಟಗಾಗಿವೆ, ಅಚ್ಚಿನವರು ನೆಟ್ಟಗೆ ಮಾಡಿಕೊಟ್ಟಾರು.

ಕಳೆದ ತಿಂಗಳು ತೊಕ್ಕೊಟ್ಟಿನ ನಮ್ಮ ಮನೆಯಲ್ಲಿ ಹೊಸ ಅಳಿಯ ಸಲಾಮನಿಗೆ ಔತಣ. ನಮ್ಮ ಬ್ಯಾರಿಗಳಲ್ಲಿ ಹೊಸ ಅಳಿಯ ಹೆಂಡತಿಯ ಮನೆಗೆ ಉಣ್ಣಲು ಬಂದನೆಂದರೆ ಅವನಿಗೆ ಬಾಯಿ ಇರುವುದು ತಿನ್ನಲಿಕ್ಕೆ ಮಾತ್ರ. ಬೇಡ ಎನ್ನುವಂತಿಲ್ಲ, ಬಡಿಸಿದ್ದನ್ನು ಬಿಡುವಂತಿಲ್ಲ, ಬಿಟ್ಟರೆ ಅತ್ತೆಗೆ ಅವಮಾನ. ಸಲಾಂ ಮೊದಲೇ ನಾಚಿಕೆಯ ಹುಡುಗ. ತುಪ್ಪದನ್ನ ಆಯಿತು, ಕೋಳಿ ಆಯಿತು, ಬಂಗುಡೆ ಮೀನಿನ ಸರದಿ ಬಂತು. ಹುಡುಗ ಇದ್ದಕ್ಕಿದ್ದಂತೆ ಅಗಿಯುವುದನ್ನು ನಿಲ್ಲಿಸಿ ಕಣ್ಣೀರು ಸುರಿಸತೊಡಗಿದ. ಬಾಗಿಲ ಪರದೆಯ ಹಿಂದಿನಿಂದ ನೋಡುತ್ತಿದ್ದ ನನ್ನ ಹೆಂಡತಿ ಅಲೀಮಮ್ಮನಿಗೆ ಸಂತೋಷವೋ ಸಂತೋಷ! ತನ್ನ ಕೈರುಚಿಗೆ ಅಳಿಯ ಕರಗಿಹೋದನೆಂದು ತಿಳಿದು, ಇನ್ನೊಂದು ಬಂಗುಡೆ ಹಾಕುವಂತೆ ತನ್ನ ಅಣ್ಣ ಉಮರಬ್ಬನಿಗೆ ಸನ್ನೆ ಮಾಡಿದಳು. ಮರದ ಡಿಪೋ ನಡೆಸುವ ಉಮರಬ್ಬನಿಗೆ ಯಾವುದರಲ್ಲೂ ಕೈ ಸಣ್ಣದಲ್ಲ. ಎರಡು ಹಾಕಿದ. ಪಾಪದ ಹುಡುಗ ಅದನ್ನೂ ತಿಂದ.

ಗಂಟಲಲ್ಲಿ ಮುಳ್ಳು ಅಡ್ಡ ನಿಂತಿದೆ ಎಂದು ನಮಗೆ ಗೊತ್ತಾದದ್ದು ಅವನು ಉಗುಳು ನುಂಗಲೂ ಆಗದೆ ಕತ್ತು ಹಿಡಿದುಕೊಂಡಾಗ. ಆಮೇಲೆ ಅನ್ನದ ಉಂಡೆ, ಬಾಳೆಹಣ್ಣು, ಬೆನ್ನಿಗೆ ಗುದ್ದು ಎಲ್ಲ ಆಯಿತು. ಗುದ್ದಿದವರ ಉತ್ಸಾಹ ನೋಡಿದರೆ ಕೆಲವರಿಗೆ ಈ ಸಂಬಂಧ ಇಷ್ಟವಿರಲಿಲ್ಲವೋ ಏನೋ. ಮುಳ್ಳು ಇನ್ನಷ್ಟು ಕೆಳಗಿಳಿದು ಗಟ್ಟಿಯಾಗಿ ಕೂತಿತು. ಉಗುಳಿನಲ್ಲಿ ರಕ್ತ ಕಂಡಾಗ ಮಾತ್ರ ಗುದ್ದುವವರು ಕೈ ಹಿಂದೆಗೆದರು. ಕೈಯ ಮದರಂಗಿ ಇನ್ನೂ ಮಾಸದ ನನ್ನ ಮಗಳು ಒಳಗೆ ಅಳುತ್ತಿದ್ದಳು, ನಾವು ಹುಡುಗನನ್ನು ಎಬ್ಬಿಸಿಕೊಂಡು ಹೊಳೆಯಾಚೆಯ ನಿಮ್ಮ ಆಸ್ಪತ್ರೆಗೆ ಹೊರಟೆವು.

ನೇತ್ರಾವತಿಗೆ ಇರುವುದು ರೈಲಿನ ಸೇತುವೆ. ರೈಲಲ್ಲದವರು ದೋಣಿ ಹತ್ತಬೇಕು. ಜರಿಯ ಟೊಪ್ಪಿಯ ಅಳಿಯ ನಡುವೆ, ಅತ್ತರು ಹಚ್ಚಿಕೊಂಡ ನಾವು ಸುತ್ತ. ದೋಣಿಯ ಶೀನಪ್ಪ ಇದು ದಿಬ್ಬಣವೆಂದೇ ತಿಳಿದು ಮದುಮಗನಿಗೆ ಶುಭ ಹಾರೈಸಿದ. ಸಲಾಂ ಆ ಸ್ಥಿತಿಯಲ್ಲೂ ತಲೆತಗ್ಗಿಸಿ ಮುಗುಳ್ನಕ್ಕ. ಇಂಥ ಅಳಿಯ ಯಾರಿಗೆ ಸಿಗುತ್ತಾನೆ, ಹೇಳಿ!

ನಿಮ್ಮ ಆಸ್ಪತ್ರೆಯಲ್ಲಿ ಬೋರ್ಡು ಹೊಳೆಯುತ್ತಿತ್ತು. ಅದರ ಕೆಳಗೆ ನಿಂತಿದ್ದ ಜವಾನ ಸತ್ಯವನ್ನೇ ಹೇಳಿದ.

"ಡಾಕ್ಟ್ರು ವರ್ಗ ಆಗಿ ಒಂದು ಮಳೆಗಾಲ ಕಳೀತು ಸಾಹುಕಾರ್ರೆ. ಬದಲಿಗೆ ಯಾರೂ ಬರ್ಲಿಲ್ಲ. ಅರ್ಜೆಂಟ್ ಉಂಟಾದ್ರೆ ಮದ್ರಾಸಿಗೆ ಹೋಗ್ಬೇಕು."

ಮದ್ರಾಸಿಗೆ! ಬಂಗುಡೆ ನಮ್ಮ ಕಡಲಿನದ್ದು, ಗಂಟಲು ನಮ್ಮ ಹುಡುಗನದ್ದು, ಮುಳ್ಳು ತೆಗೆಯುವವರು ಮದ್ರಾಸಿನಲ್ಲಿ. ಮೀನು ತಿನ್ನುವ ಊರಿಗೆ ಗಂಟಲಿನ ಡಾಕ್ಟರರು ಯಾಕೆ ಎಂದು ತಾವು ಯೋಚಿಸಿದಿರೋ? ಬೇರೆ ವಿಭಾಗದ ಡಾಕ್ಟರರೊಬ್ಬರು ಪಾಪ ಬಂದು, ಟಾರ್ಚು ಬಿಟ್ಟು ನೋಡಿ, ಕಾಣುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿ ಹೋದರು. ಒಳಗಿನ ಗಂಟಲು ನೋಡುವ ಕನ್ನಡಿ ಕಪಾಟಿನಲ್ಲಿದೆಯಂತೆ, ಹಿಡಿಯಲು ಬಲ್ಲವರಿಲ್ಲವಂತೆ.

ಹುಡುಗನಿಗೆ ನಿಲ್ಲಲಾಗದ್ದನ್ನು ನೋಡಿ ಜವಾನ ಕೋಣೆ ತೆರೆದು ಆ ಕುರ್ಚಿಯಲ್ಲಿ ಕೂರಿಸಿದ. ದಯವಿಟ್ಟು ಅವನನ್ನು ಬೈಯಬೇಡಿ, ಆ ಕೋಣೆಯಲ್ಲಿ ಆ ದಿನ ನಡೆದ ಸರಕಾರಿ ಕೆಲಸ ಅದೊಂದೇ. ಉಮರಬ್ಬ ಕುರ್ಚಿಯ ಸುತ್ತ ನಡೆದು ಕೈಯಿಂದ ಮೆಲ್ಲಗೆ ದೂಡಿ ನೋಡಿದ.

"ಇದು ತಿರುಗ್ತದೆ ಮಾರಾಯ. ತಿರುಗ್ಸಲಿಕ್ಕೆ ಅಲ್ಲಾಂತಾದ್ರೆ ಸರಕಾರ ಇದನ್ನು ಎಂತಕ್ಕೆ ತಂದದ್ದು?"

ಸರಕಾರದ ಮೇಲೆ ಇಷ್ಟು ನಂಬಿಕೆ ಇಟ್ಟ ಪ್ರಜೆ ತಮಗೆ ಇನ್ನೊಬ್ಬ ಸಿಗಲಾರ. ಮುಳ್ಳು ತೆಗೆಯುವ ಯಂತ್ರವೇ ಇದು ಎಂದು ಅವನ ದೃಢ ತೀರ್ಮಾನ. ಅಳಿಯ ತಡೆಯಬಹುದಿತ್ತು, ಆದರೆ ಹೆಂಡತಿಯ ಸೋದರಮಾವನಿಗೆ ಬೇಡ ಎನ್ನುವಂತಿಲ್ಲವಲ್ಲ! ಉಮರಬ್ಬ ದಿಮ್ಮಿ ಉರುಳಿಸುವ ಕೈಯಲ್ಲಿ ಗರಗರನೆ ತಿರುಗಿಸಿದ. ಟೊಪ್ಪಿ ಒಂದು ಕಡೆ ಹಾರಿತು, ಚಪ್ಪಲಿ ಇನ್ನೊಂದು ಕಡೆ. ನಾವು ಹಿಡಿದು ನಿಲ್ಲಿಸುವಷ್ಟರಲ್ಲಿ ಔತಣವೆಲ್ಲ ಹೊರಗೆ ಬಂತು, ಕೊನೆಗೆ ಮುಳ್ಳೂ ಬಂತು. ಸಲಾಂ ಕುರ್ಚಿಯ ಕೈ ಹಿಡಿದುಕೊಂಡು ನನ್ನತ್ತ ನೋಡಿದ.

"ಸಾಕು, ಮಾಮ."

ನಮ್ಮೆದುರು ಅವನು ಆ ಮಾತು ಹೇಳಿದ್ದು ಅದೇ ಮೊದಲು. ನಾವು ನಕ್ಕ ನಗುವಿಗೆ ಪಕ್ಕದ ವಾರ್ಡಿನ ರೋಗಿಗಳು ಎದ್ದು ಬಂದರು. ಕೋಣೆಯನ್ನು ಉಮರಬ್ಬನೇ ತೊಳೆದುಕೊಟ್ಟ.

ವಿವರಣೆ ಇಷ್ಟೇ. ಕುರ್ಚಿಗೆ ಬಡ್ತಿ ಕೊಡಿ ಎಂದು ಬರೆದು ಮುಗಿಸುವವನಿದ್ದೆ. ಆದರೆ ಹೊರಗಿನ ಬೆಂಚಿನಲ್ಲಿ ಬೈಕಂಪಾಡಿಯ ಗುಲಾಬಿ ಎಂಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಮಗಳು, ಮಗಳ ಕಿವಿಯಲ್ಲಿ ಕೀವಿನಿಂದ ನೆನೆದ ಹತ್ತಿ. ಇಲ್ಲದ ಡಾಕ್ಟರರಿಗಾಗಿ ಬಸ್ಸು ಹತ್ತಿ ಬಂದು ಬಂದು ಜವಾನನಿಗೂ ಅವಳ ಗುರುತಾಗಿಬಿಟ್ಟಿದೆ. ಆ ಕಿವಿಗೆ ಈಗ ತಾಯಿಯ ಕರೆ ಕೇಳಿಸುವುದಿಲ್ಲವಂತೆ, ಇನ್ನೊಂದು ಕಿವಿಯಲ್ಲೂ ನೋವು ಶುರುವಾಗಿದೆಯಂತೆ. ನಮ್ಮ ಜೊತೆ ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಾವು ಹೊರಟಾಗ ಮಗಳನ್ನು ಎತ್ತಿ ತಂದು ಆ ಕುರ್ಚಿಯಲ್ಲಿ ಕೂರಿಸಿ ಉಮರಬ್ಬನನ್ನು ಕೇಳಿದಳು.

"ಅಣ್ಣ, ಇವಳನ್ನೂ ಒಮ್ಮೆ ತಿರುಗಿಸ್ತೀರಾ?"

ಉಮರಬ್ಬನ ಕೈ ಮೇಲೇಳಲಿಲ್ಲ. ಅಷ್ಟು ದೊಡ್ಡ ಆಳು ಟೊಪ್ಪಿ ಹುಡುಕುವ ನೆಪ ಮಾಡಿ ಹೊರಗೆ ಹೋದ. ಉತ್ತರ ನಾನೇ ಕೊಡಬೇಕಾಯಿತು. ಡಾಕ್ಟರರು ಬರುತ್ತಾರೆ ತಂಗಿ, ಈ ತಿಂಗಳೇ ಬರುತ್ತಾರೆ ಎಂದೆ. ಅವಳು ನಂಬಿದಳು.

ಆದ್ದರಿಂದ ಕುರ್ಚಿಯ ವಿಚಾರಣೆ ಆಮೇಲೆ ನಡೆಸಿ, ಮೊದಲು ಡಾಕ್ಟರರನ್ನು ಕಳುಹಿಸಿ. ಕುರ್ಚಿಯಿಂದ ಇಳಿಯುವಾಗ ಆ ಹುಡುಗಿ ನನ್ನತ್ತ ನೋಡಿ ನಕ್ಕಳು. ನಾನು ತಾಯಿಗೆ ಹೇಳಿದ್ದು ಅವಳಿಗೆ ಕೇಳಿಸಿರಲಿಲ್ಲ.

ಇಂತಿ,
ತಮ್ಮ ಪರವಾಗಿ ಮಾತು ಕೊಟ್ಟು ಸಿಕ್ಕಿಬಿದ್ದಿರುವ
ಹಗ್ಗದ ಅಂಗಡಿಯ ಹಸೈನಾರ್