ಅಪ್ಪನಿಗಿದ್ದ ಇನ್ನೊಂದು ಹೆಸರು

ಅಪ್ಪಾ,

ನೀವು ತೀರಿಕೊಂಡು ಮೂರು ವರ್ಷವಾದ ಮೇಲೆ, ಇವತ್ತು ನಿಮ್ಮ ಸೈನ್ಯದ ಫೋಟೋವನ್ನು ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಶನಿವಾರ ಶನಿವಾರ ಮಾಜಿ ಸೈನಿಕರು ಸೇರುತ್ತಾರೆ. ಅವರು ಹೇಳುವುದನ್ನೆಲ್ಲ ಗ್ರಂಥಪಾಲಕಿ ಊರಿನ ಚರಿತ್ರೆಗೆಂದು ರೆಕಾರ್ಡ್ ಮಾಡಿಕೊಳ್ಳುತ್ತಾರೆ.

ಫೋಟೋ ನೋಡಿದ್ದೇ ತಡ, ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ ಹಿರಿಯರೊಬ್ಬರು ಕೂಗಿದರು: "ಅಯ್ಯೋ, ಇವನು ನಮ್ಮ ರೇಡಿಯೋ!"

"ಅಪ್ಪ ವೈರ್‌ಲೆಸ್ ನೋಡ್ಕೋತಿದ್ರಾ?" ಎಂದೆ.

"ಅಲ್ಲಮ್ಮ, ಬಾಯಿ ಮುಚ್ತಾನೇ ಇರ್ಲಿಲ್ಲ. ಅದಕ್ಕೇ ಆ ಹೆಸರು."

ಇದು ಬೇರೆ ಯಾರೋ ಇರಬೇಕು ಎಂದುಕೊಂಡೆ. ಮನೆಯಲ್ಲಿ ನೀವು "ಊಟ ಆಯ್ತಾ" ಅಂದರೆ ಅದೇ ದೊಡ್ಡ ಭಾಷಣ.

ಅವರು ನನ್ನನ್ನೇ ದಿಟ್ಟಿಸಿದರು. "ಬೆಕ್ಕಿಗೆ ಟೋಪಿ ಹೊಲಿದ ಮಗಳು ನೀನೇನಾ? ನಿಮ್ಮಮ್ಮನ ಕಾಗದ ಬಂತು ಅಂದ್ರೆ ಮುಗೀತು, ವಾರವಿಡೀ ನಿಂದೇ ಸುದ್ದಿ. ಒಂದ್ಸಲ ನಕ್ಕು ನಕ್ಕು ಲಾರೀನೇ ಹಳ್ಳಕ್ಕೆ ಇಳಿಸಿಬಿಟ್ಟೆ!"

ಆ ಟೋಪಿ ನನಗೇ ಮರೆತುಹೋಗಿತ್ತು. ಅಷ್ಟೊಂದು ಮಾತನ್ನು ಎಲ್ಲಿ ಬಿಟ್ಟು ಮನೆಗೆ ಬಂದಿರಿ ಅಪ್ಪಾ? ನಾನೂ ಒಂದು ದಿನ ಕೇಳಲಿಲ್ಲ.

ಗ್ರಂಥಪಾಲಕಿ ಕಿಟಕಿ ಮುಚ್ಚತೊಡಗಿದರು. ಹೊರಡಲು ಎದ್ದ ಆ ಹಿರಿಯರನ್ನು ಕೈ ಹಿಡಿದು ಕೂರಿಸಿದೆ.

"ದೊಡ್ಡಪ್ಪ, ಅಪ್ಪ ನಗುವಾಗ ದನಿ ಹೇಗಿರ್ತಿತ್ತು?"