ಬಿಂದಿಗೆ ಹಿಡಿದು ಬಂದವರು

ಮಾರ್ಚ್ 2, ಸೋಮವಾರ

ಗಡಿಯಾರಕ್ಕೆ ಕೀಲಿ ಕೊಟ್ಟು ಇಳಿದು ಬಂದೆ. ಮಂಡಿ ಎರಡೂ ಹಿಡಿದುಕೊಂಡಿವೆ. ಯಜಮಾನರು ಹೋದ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಕೆಲಸ. ಅನುಕಂಪ ಪುರಸಭೆಯದ್ದು, ಮೆಟ್ಟಿಲು ನನ್ನದು. ಜೊತೆಗೆ ಗೋಪುರದ ಬುಡದಲ್ಲಿ ಎರಡು ಕೋಣೆ, ಒಂದು ಎಣ್ಣೆಡಬ್ಬಿ, ಹೊಸ ವರ್ಷಕ್ಕೆ ಈ ಡೈರಿ.

ಇವತ್ತು ದೊಡ್ಡ ಗಂಟೆಗೂ ಎಣ್ಣೆ ಬಿಡಬೇಕೆಂದು ಪುರಸಭೆಯ ಇಂಜಿನಿಯರ್ ಸಾಹೇಬರ ಫೋನ್. ವಿಚಿತ್ರ. ಸಮಯ ಹೇಳಲು ಗಡಿಯಾರದ್ದೇ ಸಣ್ಣ ಗಂಟೆ ಇದೆ. ಮೇಲಿನ ದೊಡ್ಡದು ಬಿಳಿಯರ ಕಾಲದಲ್ಲಿ ಹಡಗಿನಲ್ಲಿ ಬಂದದ್ದು, ಹಗ್ಗ ಜಗ್ಗಿಯೇ ಹೊಡೆಯಬೇಕು. ನಾನು ಸೇರಿದಾಗಿನಿಂದ ಅದು ಪಾರಿವಾಳಗಳ ಸ್ವಂತ ಮನೆ.

"ಅದಕ್ಯಾಕೆ ಸಾರ್ ಎಣ್ಣೆ?"

"ಹೇಳಿದಷ್ಟು ಮಾಡಮ್ಮಾ."

ಮಾಡಿದೆ. ಸೀರೆಯೆಲ್ಲ ಹಿಕ್ಕೆ. ಪಾರಿವಾಳಗಳ ಶಾಪ ಸಾಹೇಬರಿಗೇ ತಟ್ಟಲಿ.

ಮಾರ್ಚ್ 3

ಮಗಳು ಬೆಳಿಗ್ಗೆ ಬಂದಳು. ಸ್ನಾನ ಮಾಡಿ, ನಿಂತೇ ಬ್ರೆಡ್ ತಿಂದು, ಮತ್ತೆ ಹೊರಟಳು. ಎಲ್ಲಿಗೆ ಅಂತ ಕೇಳಬೇಕಾದ್ದೇ ಇಲ್ಲ. ಕಿಟಕಿ ತೆರೆದರೆ ಕಾಣುತ್ತಾಳೆ — ಚೌಕದಲ್ಲಿ, ನಮ್ಮ ಗೋಪುರದ ನೆರಳಿನಲ್ಲೇ ಧರಣಿ ಕೂತಿರುವ ನರ್ಸುಗಳ ಸಾಲಿನಲ್ಲಿ. ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಬಿದ್ದಿದೆ. ಆ ಕಟ್ಟಡ ಇನ್ನು ಆಫೀಸರುಗಳ ಕ್ಲಬ್ಬಿಗಂತೆ. ಹೆರುವವರು ಎರಡು ಬಸ್ಸು ಬದಲಾಯಿಸಿ ದೊಡ್ಡ ಊರಿಗೆ ಹೋಗಬೇಕಂತೆ.

ಕಳೆದ ವಾರ ಒಬ್ಬಳು ಹೊರಟಳು. ಬಸ್ ಸ್ಟ್ಯಾಂಡ್ ದಾಟಲಿಲ್ಲ, ಟಿಕೆಟ್ ಕೌಂಟರಿನ ಪಕ್ಕದಲ್ಲೇ ಹೆತ್ತಳು. ಯಾರೋ ಓಡಿಬಂದು ನನ್ನ ಮಗಳನ್ನು ಕರೆದರು. ಮಗು ಅಳಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಕೂತಿದ್ದವಳು ಇವಳೇ.

"ನಿನ್ನ ಕೆಲಸಕ್ಕೆ ಕುತ್ತು ಬಂದ್ರೆ?" ಅಂದೆ.

"ಬೀಗ ಹಾಕಿರೋ ವಾರ್ಡಲ್ಲಿ ನಂಗೇನಮ್ಮ ಕೆಲಸ?"

ಆ ನಾಲಿಗೆ ನನ್ನಿಂದಲೇ ಹೋದದ್ದು, ಯಾರನ್ನು ಬೈಯಲಿ.

ಮಾರ್ಚ್ 5, ಮಧ್ಯಾಹ್ನ

ಎಣ್ಣೆಯ ಗುಟ್ಟು ಬಯಲಾಯಿತು. ಇಂಜಿನಿಯರ್ ಜೊತೆ ಇನ್ಸ್‌ಪೆಕ್ಟರ್ ಬಂದಿದ್ದರು. ಮನೆಯಲ್ಲಿ ಇರುವುದು ಒಂದೇ ಕುರ್ಚಿ. ಇನ್ಸ್‌ಪೆಕ್ಟರ್ ಕೂತರು, ಇಂಜಿನಿಯರ್ ನಿಂತರು. ಯಾರ ಮಾತು ನಡೆಯುತ್ತದೆಂದು ಅಲ್ಲೇ ತಿಳಿಯಿತು.

ಬಿಳಿಯರ ಕಾಲದ ಕಾಯ್ದೆಯಂತೆ. ಚೌಕದಲ್ಲಿ ಜನ ಸೇರಿದರೆ ದೊಡ್ಡ ಗಂಟೆ ಹೊಡೆಯಬೇಕು — ಮೂರು ಸಲ, ನಡುವೆ ಬಿಡುವು ಕೊಟ್ಟು. ಚದುರಿ ಅಂತ ಅರ್ಥ. ಮೂರನೆಯದಕ್ಕೂ ಕದಲದಿದ್ದರೆ ಲಾಠಿ. ಅದಕ್ಕೂ ಬಗ್ಗದಿದ್ದರೆ ಗುಂಡು. ಬಿಳಿಯರು ಗಂಟುಮೂಟೆ ಕಟ್ಟಿಕೊಂಡು ಹೋದರು, ಇದನ್ನು ಮಾತ್ರ ಬಿಟ್ಟು ಹೋದರು. ನಮ್ಮವರು ಜೋಪಾನವಾಗಿ ಎತ್ತಿಟ್ಟುಕೊಂಡರು. ಹಿಂದೊಮ್ಮೆ ಬೇರೆ ಊರಿನಲ್ಲಿ ಮೈಕಿನಲ್ಲಿ ಕೂಗಿ ಲಾಠಿ ಬೀಸಿದ್ದರಂತೆ. ಗಂಟೆ ಹೊಡೆದಿಲ್ಲವೆಂದು ಕೋರ್ಟು ಛೀಮಾರಿ ಹಾಕಿತಂತೆ. ಅದಕ್ಕೇ ಈ ಎಣ್ಣೆ.

"ಗಂಟೆ ಆದ್ಮೇಲೆ ನಮ್ಮ ಕೈ ಚೊಕ್ಕ. ಹೇಳಿದ್ವಿ, ಕೇಳ್ಲಿಲ್ಲ, ಅಷ್ಟೇ," ಅಂದರು ಇನ್ಸ್‌ಪೆಕ್ಟರ್, ನಾನು ಕೊಟ್ಟ ಟೀ ಕುಡಿಯುತ್ತ.

"ಅಲ್ಲಿ ನನ್ನ ಮಗಳು ಕೂತಿದಾಳೆ ಸಾರ್."

"ಒಳ್ಳೇದೇ ಆಯ್ತಲ್ಲ. ಗಂಟೆ ಕೇಳಿದ ಕೂಡ್ಲೆ ಎದ್ದು ಮನೆಗೆ ಬಾ ಅಂತ ಹೇಳಿ."

ನಮ್ಮದೇ ಭಾಷೆಯಲ್ಲಿ ಹೇಳಿದರು. ಮೈಬಣ್ಣವೂ ನಮ್ಮದೇ.

ಹೋಗುವಾಗ ಇಂಜಿನಿಯರ್ ಬಾಗಿಲ ಪಕ್ಕದ ಹಿತ್ತಾಳೆ ಫಲಕ ನೋಡಿ, "ಪಾಲಿಶ್ ಮಂಕಾಗಿದೆಯಲ್ಲಮ್ಮ" ಅಂದರು. ಗಂಟೆ ತರಿಸಿದ ಬಿಳಿ ಅಧಿಕಾರಿಯ ಹೆಸರು ಇದೆ ಅದರಲ್ಲಿ. ಈ ಊರಿನ ಶಾಂತಿ ಕಾಪಾಡಿದವನಂತೆ. ಶನಿವಾರ ಶನಿವಾರ ಅದನ್ನು ಉಜ್ಜುವುದೂ ನನ್ನ ಡ್ಯೂಟಿ.

ಮಾರ್ಚ್ 6

ಅತ್ತೆಗೆ ಹೇಳಲೇಬೇಕಾಯಿತು. ಕಿವಿ ಕೇಳುವುದಿಲ್ಲ. ಗುಟ್ಟನ್ನೂ ಕೂಗಿಯೇ ಹೇಳಬೇಕು. ಅತ್ತೆಗೆ ತಿಳಿಯುವ ಮೊದಲು ಬೀದಿಗೆ ತಿಳಿಯಿತು.

"ದೊಡ್ಡ ಗಂಟೆನಾ? ಅದನ್ನ ಹೊಡೆದ ದಿನ ನಾನಿದ್ದೆ ಕಣೇ."

ಮೂವತ್ತು ವರ್ಷ ಈ ಮುದುಕಿಯ ಜೊತೆ ಏಗಿದ್ದೇನೆ. ಅವರಮ್ಮ ಚೌಕದಲ್ಲಿ ಗುಂಡೇಟಿಗೆ ಸತ್ತರೆಂದು ಗೊತ್ತಿತ್ತು. ಹೇಗೆಂದು ಕೇಳಿದ್ದು ಇವತ್ತೇ.

ತರಕಾರಿ ಮಾರುವವರು ಹೊಸ ಸುಂಕ ಕೊಡುವುದಿಲ್ಲವೆಂದು ಚೌಕದಲ್ಲಿ ಕೂತಿದ್ದರಂತೆ. ಗಂಟೆ ಆಗಷ್ಟೇ ಬಂದಿತ್ತು. ಅದರ ಅರ್ಥವನ್ನು ಬಿಳಿಯರು ತಮ್ಮ ಭಾಷೆಯಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿದ್ದರು. ಓದುವವರು ಯಾರು? ಗಂಟೆ ಹೊಡೆಯಿತು. ಊರವರು ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡರು.

"ಒಂದೊಂದು ಮನೆಯಿಂದ್ಲೂ ನೀರು ಹೊತ್ಕೊಂಡು ಓಡಿದ್ರು. ನಮ್ಮಮ್ಮ ಸೊಂಟದ ಮೇಲೆ ಬಿಂದಿಗೆ ಇಟ್ಕೊಂಡು ಮುಂದೆ, ನಾನು ತಂಬಿಗೆ ಹಿಡ್ಕೊಂಡು ಹಿಂದೆ. ಎರಡನೇ ಸಲ ಹೊಡೆದ್ರು, ಇನ್ನೂ ಜನ ಬಂದ್ರು. ಮೂರನೇ ಸಲಕ್ಕೆ ಇನ್ನೂ. ಬೆಂಕಿ ಎಲ್ಲಿ, ಬೆಂಕಿ ಎಲ್ಲಿ ಅಂತ ಆ ಸಿಪಾಯಿಗಳನ್ನೇ ಕೇಳ್ತಿದ್ರು ಕಣೇ."

"ಆಮೇಲೆ?" ಕೂಗಿದೆ.

"ಆಮೇಲೆ ನಾನು ತಂಬಿಗೆ ಹುಡುಕ್ತಾ ಇದ್ದೆ. ಗಲಾಟೇಲಿ ಎಲ್ಲಿ ಬಿತ್ತೋ. ಕಳ್ಕೊಂಡು ಹೋದ್ರೆ ಅಮ್ಮ ಬೈತಾಳೆ ಅಂತ ಅಲ್ಲೇ ಹುಡುಕ್ತಾ ಇದ್ದೆ. ಬೈಯೋಕೆ ಅವಳೇ ಇರ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಟೀ ಸಪ್ಪೆ ಅಂದರು.

ಮಾರ್ಚ್ 7, ಶನಿವಾರ

ಫಲಕ ಉಜ್ಜಲಿಲ್ಲ.

ಮಾರ್ಚ್ 11

ಮತ್ತೆ ಬಂದರು ಇಬ್ಬರೂ. ಈ ಸಲ ಟೀ ಕೊಡಲಿಲ್ಲ.

"ನಾಡಿದ್ದು ಬೆಳಿಗ್ಗೆ ಹತ್ತಕ್ಕೆ," ಅಂದರು ಇನ್ಸ್‌ಪೆಕ್ಟರ್. "ನಾನು ಕೆಳಗಿನಿಂದ ಕೈ ತೋರಿಸ್ತೀನಿ. ತೋರಿಸಿದಾಗೆಲ್ಲ ಒಂದ್ಸಲ ಹೊಡೀಬೇಕು."

"ನಾನು ಹೊಡೆಯಲ್ಲ ಸಾರ್."

ನನ್ನ ಬಾಯಿಂದಲೇ ಬಂತೇ ಅಂತ ನನಗೇ ಅನುಮಾನ. ಇಂಜಿನಿಯರ್ ಮುಖ ಬಿಳಿಚಿಕೊಂಡಿತು.

"ತಲೆ ಕೆಟ್ಟಿದೆಯೇನಮ್ಮಾ? ಕೆಲಸ ಹೋಗುತ್ತೆ, ಈ ಕ್ವಾರ್ಟರ್ಸ್ ಹೋಗುತ್ತೆ. ಈ ಅಜ್ಜೀನ ಕಟ್ಕೊಂಡು ಎಲ್ಲಿಗೆ ಹೋಗ್ತೀಯ?"

"ಏನಂತೆ?" ಮೂಲೆಯಿಂದ ಅತ್ತೆ.

"ಮನೆ ಬಿಡಿಸ್ತಾರಂತೆ!" ಕೂಗಿದೆ.

"ಬಿಡಿಸ್ಲಿ ಬಿಡು. ಸೋರೋ ಮನೆ."

ಇಂಜಿನಿಯರಿಗೆ ನಗು ಬಂದು ಕೆಮ್ಮಿದಂತೆ ಮಾಡಿದರು. ಇನ್ಸ್‌ಪೆಕ್ಟರಿಗೆ ಬರಲಿಲ್ಲ. ನಾಡಿದ್ದಿನಿಂದ ನಾನು ಸಸ್ಪೆಂಡ್. ಗಂಟೆ ಒಬ್ಬ ಪೇದೆ ಹೊಡೆಯುತ್ತಾನೆ. ಅವತ್ತು ಒಂಬತ್ತಕ್ಕೆ ಬೀಗದಕೈ ಒಪ್ಪಿಸಬೇಕು.

ಅವರು ಹೋದರು. ಹೆದರಿಕೆ ಆಗುತ್ತಿದೆ. ಮನೆಗಲ್ಲ. ನನ್ನ ಹುಡುಗಿ ಏಳುವವಳಲ್ಲ. ಮೂರಲ್ಲ, ಮೂವತ್ತು ಸಲ ಹೊಡೆದರೂ ಏಳುವವಳಲ್ಲ. ಬೇರೆ ಯಾರೋ ಹಗ್ಗ ಜಗ್ಗಿದರೆ ನನ್ನ ಕೈ ಚೊಕ್ಕ — ಅಷ್ಟೇ ತಾನೆ? ಇನ್ಸ್‌ಪೆಕ್ಟರ್ ಹೇಳಿದ್ದೂ ಅದನ್ನೇ ಅಲ್ಲವೇ. ಥೂ.

ಮಾರ್ಚ್ 12, ಸಂಜೆ

ಮಗಳು ಬಂದಳು. ಕಣ್ಣಿನ ಕೆಳಗೆ ಕಪ್ಪು. ತಲೆಗೆ ಎಣ್ಣೆ ಹಚ್ಚುತ್ತೇನೆ ಅಂದೆ, ಸುಮ್ಮನೆ ಕೂತಳು. ಚಿಕ್ಕವಳಿದ್ದಾಗಲೂ ಇಷ್ಟು ಸುಲಭಕ್ಕೆ ಕೂತವಳಲ್ಲ.

"ನಾಳೆ ಎಂಟಕ್ಕೆ ಚೌಕದ ಸುತ್ತ ಬ್ಯಾರಿಕೇಡ್ ಹಾಕ್ತಾರಮ್ಮ. ಆಮೇಲೆ ಯಾರೂ ಒಳಗೆ ಬರೋಹಾಗಿಲ್ಲ. ಹತ್ತಕ್ಕೆ ಗಂಟೆ. ಒಳಗೆ ನಾವಷ್ಟೇ ಇರ್ತೀವಿ, ಹೊಡೆಯೋಕೆ ಸಲೀಸು."

"ಊರವರು?"

"ಎಲ್ಲರಿಗೂ ಮನಸ್ಸಿದೆ. ಮೊದಲು ಹೆಜ್ಜೆ ಇಡೋಕೆ ಎಲ್ಲರಿಗೂ ಹೆದರಿಕೆ."

ಅತ್ತೆ ನಮ್ಮ ತುಟಿಯನ್ನೇ ನೋಡುತ್ತಿದ್ದರು. ಎಷ್ಟು ತಿಳಿಯಿತೋ. ಇದ್ದಕ್ಕಿದ್ದಂತೆ, "ಬೆಂಕಿ ಅಂದ್ರೆ ಬರ್ತಾರೆ" ಅಂದರು.

ಎಣ್ಣೆ ಕೈ ಹಾಗೇ ನಿಂತಿತು. ಬೀಗದಕೈ ನಾಳೆ ಒಂಬತ್ತರವರೆಗೆ ನನ್ನ ಸೆರಗಿನಲ್ಲಿದೆ.

"ಬೆಳಿಗ್ಗೆ ಆರಕ್ಕೇ ಆ ಗಂಟೆ ನಾನೇ ಹೊಡೀತೀನಿ," ಅಂದೆ. "ಅವರು ಹೇಳಿದ ಹಾಗಲ್ಲ. ಬಿಡುವಿಲ್ಲದೆ."

ಮಗಳು ತಿರುಗಿ ನೋಡಿದಳು. "ಬೆಂಕಿ ಅಂತ ಜನಕ್ಕೆ ಸುಳ್ಳು ಹೇಳೋದಾ? ಮುತ್ತಜ್ಜಿ ಸತ್ತಿದ್ದೇ ಹಾಗೆ."

"ಸುಳ್ಳು ಯಾಕೆ? ಈಗ್ಲೇ ಹೋಗಿ ಮನೆಮನೆಗೆ ಹೇಳು. ಆವಾಗ ಗೊತ್ತಿಲ್ದೆ ಬಂದ್ರು. ಬರೋರು ಈಗ ಗೊತ್ತಿದ್ದೇ ಬರ್ಲಿ, ಬ್ಯಾರಿಕೇಡ್ ಬೀಳೋ ಮೊದ್ಲೇ ಚೌಕ ತುಂಬ್ಲಿ. ಬಿಂದಿಗೆ ಹಿಡ್ಕೊಂಡು ಬರೋರನ್ನ ನೋಡಿದ್ರೆ, ಚದುರು ಅನ್ನೋ ಗಂಟೆ ಅಲ್ಲ ಇದು ಅಂತ ಇನ್ಸ್‌ಪೆಕ್ಟರಿಗೂ ತಿಳಿಯುತ್ತೆ."

"ನಿನ್ನ ಕೆಲಸ?"

"ಬೀಗದಕೈ ಕಿತ್ಕೊಳ್ಳೋ ಗೋಪುರದಲ್ಲಿ ನಂಗೇನಮ್ಮ ಕೆಲಸ?"

ನಕ್ಕಳು. ಎಷ್ಟು ದಿನದ ಮೇಲೆ. ಅರ್ಧ ಜಡೆಯಲ್ಲೇ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಇಣುಕಿ ಹೇಳಿದಳು, ಟೀ ಅಂಗಡಿಯವನಿಗೆ ಹೇಳಲು ಹೋದರೆ ಅವನಿಗೆ ಹಳೆಯ ಕಥೆ ಆಗಲೇ ಬಾಯಿಪಾಠವಂತೆ. ಅವತ್ತು ನಾನೂ ಅತ್ತೆಯೂ ಕೂಗಾಡಿದ್ದು ವ್ಯರ್ಥವಾಗಿಲ್ಲ.

ಬರುತ್ತಾರೋ ಇಲ್ಲವೋ. ಬರದಿದ್ದರೆ ಖಾಲಿ ಚೌಕದಲ್ಲಿ ನನ್ನ ಮಗಳು, ಮೇಲೆ ಹುಚ್ಚಿಯ ಹಾಗೆ ಗಂಟೆ ಹೊಡೆಯುವ ನಾನು.

ಅತ್ತೆ ತಂಬಿಗೆ ತೊಳೆದು ಬಾಗಿಲ ಬಳಿ ಇಟ್ಟಿದ್ದಾರೆ.

ಮಾರ್ಚ್ 13, ಬೆಳಿಗ್ಗೆ, ಗೋಪುರದ ಮೇಲೆ

ಹೊಡೆದೆ. ಅಂಗೈ ಸುಲಿದಿದೆ. ಕಿವಿ ಗುಂಯ್ ಅನ್ನುತ್ತಿದೆ, ಇನ್ನು ಮನೆಯಲ್ಲಿ ಕಿವುಡಿಯರು ಇಬ್ಬರು. ಪಾರಿವಾಳಗಳು ಒಂದೂ ಇಲ್ಲ. ಕೈ ಸುಧಾರಿಸಿಕೊಳ್ಳಲು ಕೂತಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ. ನಾಳೆ ಪೊಲೀಸರು ಬೇರೆ ಏನೋ ಬರೆದುಕೊಳ್ಳುತ್ತಾರೆ.

ಮೊದಲು ಯಾರೂ ಇರಲಿಲ್ಲ. ನರ್ಸುಗಳು ಮಾತ್ರ ಎದ್ದು ನಿಂತು ಮೇಲೆ ನೋಡಿದರು. ಆದರೂ ಹಗ್ಗ ಬಿಡಲಿಲ್ಲ.

ಆಮೇಲೆ ಟೀ ಅಂಗಡಿಯವನು. ಕೆಟಲ್ ಹಿಡಿದುಕೊಂಡು! ಅವನ ಹಿಂದೆ ಬಕೆಟ್ ಹಿಡಿದ ಇಬ್ಬರು ಹೆಂಗಸರು. ಬಸ್ ಡ್ರೈವರ್ ರೇಡಿಯೇಟರಿಗೆ ಹಾಕುವ ನೀರಿನ ಕ್ಯಾನ್ ತಂದ. ಆಸ್ಪತ್ರೆ ರಸ್ತೆಯಿಂದ ಒಂದು ದಂಡೇ ಬಂತು, ಬಿಂದಿಗೆ, ಕೊಡಪಾನ, ಪ್ಲಾಸ್ಟಿಕ್ ಡಬ್ಬ. ಬಸ್ ಸ್ಟ್ಯಾಂಡಿನಲ್ಲಿ ಹೆತ್ತವಳು ಬಂದಳು, ಗಂಡನ ತೋಳು ಹಿಡಿದು ನಿಧಾನವಾಗಿ. ಅವಳ ಸೊಂಟದ ಮೇಲೂ ಒಂದು ಪುಟ್ಟ ಬಿಂದಿಗೆ. ನನ್ನ ಮಗಳು ಓಡಿಹೋಗಿ ಅದನ್ನು ಇಳಿಸಿಕೊಂಡಳು.

ಇಂಜಿನಿಯರ್ ಸಾಹೇಬರ ಹೆಂಡತಿ ಗುಲಾಬಿ ಬಣ್ಣದ ಬಕೆಟ್ ಹಿಡಿದು ಬಂದರು. ಹಿಂದೆ ಸಾಹೇಬರು, ಪೈಜಾಮದಲ್ಲೇ, ಅವರನ್ನು ವಾಪಸು ಕರೆಯುತ್ತ. ಆಕೆ ತಿರುಗಿಯೂ ನೋಡಲಿಲ್ಲ.

ಬ್ಯಾರಿಕೇಡಿನ ಲಾರಿ ರಸ್ತೆಯ ಬಾಯಲ್ಲಿ ನಿಂತುಬಿಟ್ಟಿದೆ. ಒಳಗೆ ಬರಲು ಜಾಗ ಇಲ್ಲ. ಪೇದೆಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ.

ಅತ್ತೆ ಎಲ್ಲಿ ಅಂತ ಹುಡುಕಿದೆ. ಚೌಕದ ನಟ್ಟನಡುವೆ ನಿಂತಿದ್ದಾರೆ. ಕೈಯಲ್ಲಿ ತಂಬಿಗೆ. ನೀರು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಅಲ್ಲೇ ಇರಬೇಕು ಅವತ್ತು...

ಮೆಟ್ಟಿಲ ಮೇಲೆ ಬೂಟಿನ ಸದ್ದು. ಅಗಳಿ ಹಾಕಿದ್ದೇನೆ. "ಯಾರ ಆರ್ಡರ್ ಇದು? ಯಾರ ಆರ್ಡರಮ್ಮಾ?" ಅಂತ ಇನ್ಸ್‌ಪೆಕ್ಟರ್ ಬಾಗಿಲು ಗುದ್ದುತ್ತಿದ್ದಾರೆ. ಹತ್ತಿ ಬಂದ ಏದುಸಿರು ಇಲ್ಲಿಗೆ ಕೇಳುತ್ತಿದೆ. ನನಗೆ ವಾರವಾರವೂ ಅಭ್ಯಾಸ, ಅವರಿಗೆ ಹೊಸದು.

ಕೆಳಗೆ ಇನ್ನೂ ಬರುತ್ತಿದ್ದಾರೆ. ಮಾರ್ಕೆಟ್ ಬೀದಿಯ ಕಡೆಯಿಂದ ಈಗ ಶುರುವಾಗಿದೆ. ಮಗಳು ಮೇಲೆ ನೋಡಿ ಕೈ ಬೀಸುತ್ತಿದ್ದಾಳೆ — ಇನ್ನೊಮ್ಮೆ, ಇನ್ನೊಮ್ಮೆ ಅಂತ. ಅಗಳಿ ಅಲುಗುತ್ತಿದೆ. ಕೈಗೆ ಸೆರಗು ಸುತ್ತಿಕೊಂಡೆ. ಬಾಗಿಲು ಮುರಿಯುವ ಮೊದಲು ಇನ್ನೊಂದು ಸಲ ಹಗ್ಗ —