ಹಕ್ಕಿ ಯಾರನ್ನು ಎಬ್ಬಿಸುತ್ತದೆ?

ಹಂಸಭಾವಿ, ೧೯೮೩

ಅವ್ವಾ,

ನೀನು ಬದುಕಿದ್ದಾಗ ಎದುರಾಡಲಿಲ್ಲ. ಈಗ ಕೇಳು.

"ಹಕ್ಕಿ ಹಾಡೋದು ಹೆಣ್ಮಕ್ಕಳನ್ನ ಎಬ್ಬಿಸಾಕ" ಎಂದೆಯಲ್ಲ, ಅದನ್ನು ನಂಬಿ ದಿನಾ ನಸುಕಿನಲ್ಲೇ ಎದ್ದು ನಿನ್ನೆದುರು ಬೀಸುಕಲ್ಲಿಗೆ ಕುಳಿತೆ. ಅಪ್ಪನೂ ತಮ್ಮನೂ ಗೊರಕೆ ಹೊಡೆಯುತ್ತಿದ್ದರು.

ಈಗ ಊರಿಗೆ ಹಿಟ್ಟಿನ ಗಿರಣಿ ಬಂದಿದೆ. ಆದರೂ ಇವತ್ತು ಬೆಳಿಗ್ಗೆ ಅದೇ ಮಾತು ಹೇಳಿ ನನ್ನ ಮಗಳು ಗುತ್ತೆವ್ವನನ್ನು ಅಲುಗಾಡಿಸಿದೆ. ಅವಳು ಕೌದಿಯೊಳಗಿಂದಲೇ, "ಹಾಡೋದು ಗಂಡು ಹಕ್ಕಿ ಬೇ. ಈ ಗಿಡ ನಂದು, ಯಾರೂ ಬರಬ್ಯಾಡ್ರಿ ಅಂತ ಕೂಗತೈತಂತ. ಸಾಲ್ಯಾಗ ಹೇಳ್ಯಾರ. ಹೋಗಿ ಅಣ್ಣನ್ನ ಎಬ್ಬಿಸು" ಎಂದಳು.

ನಿನ್ನ ಮೇಲಿನ ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಮಗನ ಕೌದಿ ಕಿತ್ತೆಸೆದು ಅವನನ್ನು ನೀರು ತರಲು ಕಳಿಸಿದೆ.

ಬಿಸಿಲೇರಿದ ಮೇಲೂ ನೀನು ಮಲಗಿದ್ದನ್ನು ನಾನು ಕಂಡದ್ದು ಒಂದೇ ದಿನ. ಅಂದೂ ಹಕ್ಕಿಗಳು ಹಾಡಿದ್ದವು, ಅವ್ವಾ. ನೀನು ಏಳಲಿಲ್ಲ.